ಹೊಳೆಯುವ ಎರಡು ಕಾರ್ಡು, ಉಳಿದ 58



ಭಾನುವಾರ ಪೂಜೆ, ಕ್ರಿಸ್ತೋಪದೇಶ ಎರಡೂ ಮುಗಿದ ಮೇಲೆ ನಮ್ಮ ಹಾಲ್‌ನ ಹಿಂದಿನ ಬೆಂಚುಗಳಲ್ಲಿ ಈಗ ಪೋಕೆಮಾನ್ ಕಾರ್ಡುಗಳದ್ದೇ ಕಾರುಬಾರು. ಕೆಲವು ಹಿರಿಯರಿಗೆ ಇದು ಇಸ್ಪೀಟಿನ ಹಾಗೆ ಕಾಣುತ್ತದೆ, ನಿಲ್ಲಿಸಿಬಿಡಿ ಎನ್ನುತ್ತಿದ್ದಾರೆ. ನಾನು ಒಪ್ಪುವುದಿಲ್ಲ. ಆದರೆ ಇಲ್ಲಿ ಒಂದು ತಪ್ಪು ನಡೆಯುತ್ತಿರುವುದು ನಿಜ. ಆರನೇ ಕ್ಲಾಸಿನ ಹುಡುಗನೊಬ್ಬ ಮೂರು ವಾರದಿಂದ ಆಟಕ್ಕೆ ಕೂರುತ್ತಿಲ್ಲ. ಯಾಕೆಂದು ಕೇಳಿದರೆ, "ನನ್ನತ್ರ ಒಳ್ಳೆ ಕಾರ್ಡ್ ಇಲ್ಲ ಅಣ್ಣಾ" ಅಂದ.

ಒಳ್ಳೆ ಕಾರ್ಡ್ ಅಂದರೆ ಯಾವುದು? ನಮ್ಮ ಮಕ್ಕಳ ಲೆಕ್ಕದಲ್ಲಿ ಹೊಳೆಯುವುದು, ದೊಡ್ಡ ನಂಬರಿನದು, ದುಡ್ಡು ಹೆಚ್ಚು ಕೊಟ್ಟದ್ದು. ಈ ಲೆಕ್ಕವೇ ತಪ್ಪು, ಮತ್ತು ಅದನ್ನು ಆಟದ ನಿಯಮಗಳೇ ತೋರಿಸುತ್ತವೆ.

ಡೆಕ್‌ನಲ್ಲಿ ಸರಿಯಾಗಿ 60 ಕಾರ್ಡು ಇರಬೇಕು. ಬೇಸಿಕ್ ಎನರ್ಜಿ ಬಿಟ್ಟರೆ ಒಂದೇ ಹೆಸರಿನ ಕಾರ್ಡು 4ಕ್ಕಿಂತ ಹೆಚ್ಚು ಇಡುವಂತಿಲ್ಲ. ಆರಂಭದಲ್ಲಿ ಕೈಗೆ ಬರುವುದು 7. ಈಗ ಚಾರಿಜಾರ್ಡ್ ತೆಗೆದುಕೊಳ್ಳಿ. ಅದು ನೇರವಾಗಿ ಮೇಜಿಗೆ ಇಳಿಯುವುದಿಲ್ಲ. ಮೊದಲು ಚಾರ್ಮಾಂಡರ್ ಬರಬೇಕು, ಅದರ ಮೇಲೆ ಚಾರ್ಮೀಲಿಯನ್, ಆಮೇಲೆ ಚಾರಿಜಾರ್ಡ್. ಇಳಿಸಿದ ಸುತ್ತಿನಲ್ಲೇ ಮೇಲೇರಿಸುವಂತೆಯೂ ಇಲ್ಲ. 4 ಚಾರ್ಮಾಂಡರ್ ಇಟ್ಟರೂ ಮೊದಲ 7 ಕಾರ್ಡಿನಲ್ಲಿ ಒಂದಾದರೂ ಸಿಗುವ ಸಾಧ್ಯತೆ ನೂರಕ್ಕೆ ಸುಮಾರು 40 ಮಾತ್ರ. ಬೇರೆ ಬೇಸಿಕ್ ಪೋಕೆಮಾನ್ ಇಲ್ಲದಿದ್ದರೆ ಉಳಿದ 60 ಸಲ ಕೈಯಲ್ಲಿರುವುದನ್ನೆಲ್ಲ ಎದುರಾಳಿಗೆ ತೋರಿಸಿ, ಮತ್ತೆ ಕಲಸಿ, ಹೊಸದಾಗಿ 7 ಎತ್ತಬೇಕು. ಹಾಗೆ ಮಾಡಿದಾಗಲೆಲ್ಲ ಎದುರಾಳಿಗೆ ಒಂದು ಕಾರ್ಡು ಹೆಚ್ಚು ಎತ್ತುವ ಅವಕಾಶ. ಬೇಸಿಕ್‌ಗಳನ್ನು 8 ಮಾಡಿದರೆ ಈ ಪೇಚಾಟ ನೂರಕ್ಕೆ 35ಕ್ಕೆ ಇಳಿಯುತ್ತದೆ, 12 ಮಾಡಿದರೆ 19ಕ್ಕೆ. ಇದಕ್ಕೆ ಹೊಳೆಯುವ ಕಾರ್ಡು ಬೇಡ, ಸಾದಾ ಕಾರ್ಡು ಸಾಕು.

ಇನ್ನು ಟ್ರೈನರ್ ಕಾರ್ಡುಗಳು. ಮಕ್ಕಳು ಪ್ಯಾಕ್ ಒಡೆದ ಕೂಡಲೇ ಬದಿಗೆ ಬಿಸಾಡುವುದು ಇವುಗಳನ್ನೇ. ನಾನು ಡೆಕ್ ಕಟ್ಟುವಾಗ ಅರ್ಧಕ್ಕಿಂತ ಹೆಚ್ಚು ಜಾಗ ಇವಕ್ಕೇ ಕೊಡುತ್ತೇನೆ: ಸುಮಾರು 18 ಪೋಕೆಮಾನ್, 33 ಟ್ರೈನರ್, 9 ಎನರ್ಜಿ. 'ಪ್ರೊಫೆಸರ್ಸ್ ರಿಸರ್ಚ್' ಕೈಯಲ್ಲಿದ್ದುದನ್ನೆಲ್ಲ ಬಿಡಿಸಿ ಹೊಸ 7 ಕಾರ್ಡು ಕೊಡುತ್ತದೆ. 'ಅಲ್ಟ್ರಾ ಬಾಲ್' ಎರಡು ಕಾರ್ಡಿನ ಬೆಲೆಗೆ ಬೇಕಾದ ಪೋಕೆಮಾನನ್ನು ಹುಡುಕಿ ತರುತ್ತದೆ. 'ರೇರ್ ಕ್ಯಾಂಡಿ' ಇದ್ದರೆ ನಡುವಿನ ಚಾರ್ಮೀಲಿಯನ್ ದಾಟಿ ಹೋಗಬಹುದು. ಹಾಗೆಂದು ಬರೇ ಸಪೋರ್ಟರ್ ತುಂಬಿಸಿಯೂ ಪ್ರಯೋಜನವಿಲ್ಲ, ಒಂದು ಸುತ್ತಿಗೆ ಒಂದೇ ಸಪೋರ್ಟರ್ ಆಡಬಹುದು. ಎನರ್ಜಿ ಕೂಡ ಕೈಯಿಂದ ಸುತ್ತಿಗೆ ಒಂದೇ. ಇಪ್ಪತ್ತು ಎನರ್ಜಿ ಹಾಕಿದವನ ಕೈಯಲ್ಲಿ ಅವು ಸುಮ್ಮನೆ ಕೊಳೆಯುತ್ತವೆ.

ದೊಡ್ಡ ಕಾರ್ಡಿಗೆ ದೊಡ್ಡ ನಷ್ಟವೂ ಇದೆ. ಸಾದಾ ಪೋಕೆಮಾನ್ ಸೋತರೆ ಎದುರಾಳಿಗೆ ಒಂದು ಪ್ರೈಜ್ ಕಾರ್ಡು, 'ಇಎಕ್ಸ್' ಸೋತರೆ ಎರಡು. ಇರುವುದೇ 6 ಪ್ರೈಜ್. ಮೂರು ಇಎಕ್ಸ್ ಬಿದ್ದರೆ ಆಟ ಮುಗಿಯಿತು.

ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯ ನಿಮಗೆ ನೆನಪಾಗಿದ್ದರೆ ನನಗೂ ಆಗಿದೆ. ಪ್ರಸಂಗ ಮಾಡುವುದು ಫಾದರ್‌ಗೆ ಬಿಟ್ಟದ್ದು.

ದುಡ್ಡಿನ ಮಾತೇ ಬೇಡ ಎಂದರೆ ಅದು ಸುಳ್ಳಾಗುತ್ತದೆ. ದೊಡ್ಡ ಟೂರ್ನಮೆಂಟಿಗೆ ಹೋಗುವವರಿಗೆ ಕೆಲವು ಕಾರ್ಡು ಬೇಕೇ ಬೇಕು, ಅವು ಅಗ್ಗವಲ್ಲ. ಆದರೆ ಬರ್ತ್‌ಡೇಗೆಂದು ಪ್ಯಾಕ್ ಮೇಲೆ ಪ್ಯಾಕ್ ತೆಗೆದುಕೊಡುವ ಹೆತ್ತವರಿಗೆ ಒಂದು ಮಾತು: ಪ್ಯಾಕ್ ಒಳಗೆ ಏನಿದೆ ಎಂದು ಒಡೆಯುವ ತನಕ ಗೊತ್ತಿಲ್ಲ. ಹಿರಿಯರು ಹೇಳುವ ಜೂಜಿನ ವಾಸನೆ ಇರುವುದು ಅಲ್ಲಿ, ಆಟದಲ್ಲಲ್ಲ. ಬೇಕಾದ ಕಾರ್ಡನ್ನೇ ಬಿಡಿಯಾಗಿ ಕೊಳ್ಳಿ. ಫ್ಯಾನ್ಸಿ ಅಂಗಡಿಯ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳಂತೂ ನಕಲಿ, ಟೂರ್ನಮೆಂಟಿನಲ್ಲಿ ನಡೆಯುವುದಿಲ್ಲ.

ನಮ್ಮ ಹಾಲ್‌ಗೆ ನಾನು ಕೇಳುವುದು ಇಷ್ಟೇ. ಒಂದು ಪೆಟ್ಟಿಗೆ ಇಡೋಣ. ಮನೆಯಲ್ಲಿ ಬದಿಗೆ ಬಿದ್ದಿರುವ ಟ್ರೈನರ್, ಎನರ್ಜಿ ಕಾರ್ಡುಗಳನ್ನು ಅದರಲ್ಲಿ ಹಾಕಿ; ಬೇಕಾದವರು ಡೆಕ್ ಕಟ್ಟಿ, ಆಡಿ, ವಾಪಸ್ ಇಡಲಿ. ಇಲ್ಲದ ಕಾರ್ಡಿನ ಬದಲಿಗೆ ಹೆಸರು ಬರೆದ ಚೀಟಿಯೂ ಆಗಬಹುದು, ನಾವು ಆಡುವುದು ನಮ್ಮೊಳಗೇ ತಾನೆ. ಕಾರ್ಡ್ ಅದಲುಬದಲು ಮಾಡುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಲಿ. ಕಳೆದ ತಿಂಗಳು ಚಿಕ್ಕವನ ಕೈಯಿಂದ ಒಂದು ಕಾರ್ಡು ಹೇಗೆ ಹೋಯಿತೆಂದು ನಮಗೆಲ್ಲ ಗೊತ್ತು. ಹಾಲ್ ಒಳಗೆ ಹಣದ ವ್ಯವಹಾರ ಬೇಡವೇ ಬೇಡ.

ಆ ಆರನೇ ಕ್ಲಾಸಿನವನ ಜೊತೆ ಕಳೆದ ಭಾನುವಾರ ಕೂತೆ. ಅವನ ಸಾದಾ ಕಾರ್ಡುಗಳಿಗೆ ನನ್ನ ಟ್ರೈನರ್‌ಗಳನ್ನು ಸೇರಿಸಿ ಒಂದು ಡೆಕ್ ಮಾಡಿದೆವು. ಎರಡು ಆಟ ಸೋತ. ಮೂರನೆಯದರಲ್ಲಿ ಅವನಿಗೆ ಒಂದೇ ಪ್ರೈಜ್ ಬಾಕಿ ಇತ್ತು, ಅಷ್ಟರಲ್ಲಿ ಅವನ ಅಮ್ಮ ಬಸ್ಸಿಗೆ ಹೊತ್ತಾಯಿತೆಂದು ಕರೆದರು. ಕಾರ್ಡುಗಳನ್ನು ಇದ್ದ ಹಾಗೆಯೇ ಫೋಟೋ ತೆಗೆದು ಇಟ್ಟಿದ್ದೇನೆ. ಮುಂದಿನ ವಾರ ಅಲ್ಲಿಂದಲೇ ಶುರು.