ಮೇರಿ ವಾರೆನ್ ಪಕ್ಕದಲ್ಲಿ ಯಾರೂ ಇರಲಿಲ್ಲ

ಆರ್ಥರ್ ಮಿಲ್ಲರ್ 1953ರಲ್ಲಿ ರಂಗಕ್ಕೆ ತಂದ ‘ದಿ ಕ್ರೂಸಿಬಲ್’ ನಾಟಕದ ಮಾತು ಬಂದರೆ ಎಲ್ಲರೂ ಜಾನ್ ಪ್ರಾಕ್ಟರ್‌ನನ್ನು ಹೊಗಳುತ್ತಾರೆ. ಜೀವ ಉಳಿಸಬಹುದಾಗಿದ್ದ ಸುಳ್ಳು ತಪ್ಪೊಪ್ಪಿಗೆಯನ್ನು ಹರಿದುಹಾಕಿ ಗಲ್ಲಿಗೇರಿದವನು ಅವನು. ಆದರೆ ನಮ್ಮ ವಯಸ್ಸಿನವರು ಹೆಚ್ಚು ಗಮನಿಸಬೇಕಾದದ್ದು ಅವನ ಮನೆಗೆಲಸದ ಹುಡುಗಿ ಮೇರಿ ವಾರೆನ್‌ಳನ್ನು ಎಂಬುದು ನನ್ನ ಅಭಿಪ್ರಾಯ.

ನಾಟಕಕ್ಕೆ ಆಧಾರ 1692ರಲ್ಲಿ ಅಮೆರಿಕದ ಸೇಲಂನಲ್ಲಿ ನಡೆದ ವಿಚಾರಣೆ. ಮಾಟ ಮಾಡಿದರೆಂಬ ಆರೋಪದ ಮೇಲೆ ಅಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಇದಕ್ಕೆ ಮೂಢನಂಬಿಕೆಯೊಂದೇ ಕಾರಣವಲ್ಲ ಎಂದು ಮಿಲ್ಲರ್ ತೋರಿಸುತ್ತಾರೆ. ಅಬಿಗೇಲ್‌ಗೆ ಪ್ರಾಕ್ಟರ್‌ನ ಹೆಂಡತಿಯ ಜಾಗ ಬೇಕಿತ್ತು. ಪುಟ್ನಮ್‌ಗೆ ನೆರೆಯವರ ಹೊಲ ಬೇಕಿತ್ತು. ಬದುವಿನ ಜಗಳಕ್ಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವವರನ್ನು ಕಂಡ ನಮ್ಮ ಕೋಟುಮಚಗಿ ಕಡೆಯವರಿಗೆ ಪುಟ್ನಮ್ ಹೊಸಬನೇನಲ್ಲ.

ಮೇರಿಗೆ ಇಂಥ ಆಸೆ ಇಲ್ಲ, ಇರುವುದು ಭಯ. ಪ್ರಾಕ್ಟರ್ ಒತ್ತಾಯಕ್ಕೆ ಅವಳು ನ್ಯಾಯಾಲಯದಲ್ಲಿ ಹುಡುಗಿಯರದ್ದೆಲ್ಲ ನಟನೆ ಎಂಬ ಸತ್ಯ ಹೇಳುತ್ತಾಳೆ. ತಕ್ಷಣ ಗೆಳತಿಯರೆಲ್ಲ ಒಂದಾಗಿ ಅವಳೇ ಮಾಟ ಮಾಡುತ್ತಿದ್ದಾಳೆಂದು ಕಿರುಚುತ್ತಾರೆ. ತಡೆಯಲಾರದೆ ಅವಳು ಗುಂಪಿಗೇ ಮರಳಿ ಪ್ರಾಕ್ಟರ್‌ನತ್ತ ಬೊಟ್ಟು ಮಾಡುತ್ತಾಳೆ. ಆ ಹುಡುಗಿಯರಲ್ಲಿ ಇನ್ನೊಬ್ಬಳು ಅವಳ ಪರ ಮಾತನಾಡಿದ್ದರೆ ಕತೆ ಬೇರೆಯಾಗುತ್ತಿತ್ತೇನೋ.

ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ಊರೆಲ್ಲ ರಾಣಿಯನ್ನು ಅನುಮಾನಿಸಿದಾಗ ನಾಗಪ್ಪ ಅವಳನ್ನು ಕಾಯುತ್ತಾನೆ. ನಿಜಜೀವನದಲ್ಲಿ ಯಾವ ಹುತ್ತದಿಂದಲೂ ಯಾರೂ ಎದ್ದು ಬರುವುದಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಸಾಕಾಯಿತು. ವಾಟ್ಸ್‌ಆ್ಯಪ್ ವದಂತಿ ಊರಿಂದೂರಿಗೆ ಹಬ್ಬಿತು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು.

ಓದಿದವರಾದರೆ ಇಂಥದ್ದಕ್ಕೆ ಬಲಿಬೀಳುವುದಿಲ್ಲ ಎನ್ನುವವರಿದ್ದಾರೆ. ಬಿ.ಇ. ಓದುತ್ತಿರುವ ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಸತ್ತವರು ಎಂಜಿನಿಯರ್, ವದಂತಿ ಹೊತ್ತ ಆ್ಯಪ್ ಕಟ್ಟಿದವರೂ ಎಂಜಿನಿಯರ್‌ಗಳೇ. ಆ ತಿಂಗಳೇ ವಾಟ್ಸ್‌ಆ್ಯಪ್, ಭಾರತದಲ್ಲಿ ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿ ತರುವುದಾಗಿ ಹೇಳಿತು. ನಮ್ಮ ರಾಜ್ಯದ ಮೌಢ್ಯ ವಿರೋಧಿ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂತು. ಇವೆರಡೂ ಬೇಕು. ಆದರೆ ಗುಂಪಿನಲ್ಲಿ ಮೊದಲು ‘ಇದು ಸುಳ್ಳು’ ಎಂದವರಿಗೆ ಜೊತೆ ನೀಡುವ ಕೆಲಸ ಕಾಯ್ದೆಯಿಂದಾಗದು.

ಕಾಲೇಜಿನ ಯಾವುದೇ ಕ್ಲಾಸ್ ಗ್ರೂಪ್ ನೋಡಿ. ಒಬ್ಬ ಹುಡುಗಿಯ ಬಗ್ಗೆ ಗಾಳಿಸುದ್ದಿ ಬರುತ್ತದೆ. ಯಾರೋ ಒಬ್ಬರು ‘ಸಾಕು, ನಿಲ್ಲಸ್ರಿ’ ಎಂದು ಬರೆಯುತ್ತಾರೆ. ಉಳಿದವರು ‘ನಮಗ್ಯಾಕ ಬೇಕು’ ಎಂದು ಸುಮ್ಮನಿರುತ್ತಾರೆ. ಹತ್ತು ನಿಮಿಷದಲ್ಲಿ ಬರೆದವರೇ ಗೇಲಿಗೆ ಗುರಿ.

ಮೇರಿ ಹೆದರಿದ್ದು ನೇಣುಗಂಬಕ್ಕೆ. ನಮ್ಮಲ್ಲಿ ಬಹಳ ಮಂದಿ ಹೆದರುವುದು ಗೆಳೆಯರ ನಗೆಗೆ. ಪ್ರಾಕ್ಟರ್‌ನಂತೆ ಪ್ರಾಣ ಕೊಡಿ ಎಂದು ಯಾರೂ ನಮ್ಮನ್ನು ಕೇಳುತ್ತಿಲ್ಲ ಗೆಳೆಯರೇ. ಒಬ್ಬರು ಖರೆ ಹೇಳಿದಾಗ ‘ಹೌದು, ಅವರು ಹೇಳೋದು ಖರೆ ಐತಿ’ ಎಂದು ಕೆಳಗೊಂದು ಸಾಲು ಬರೆದರೆ, ಬಹಳ ಸಲ ಅಷ್ಟು ಸಾಕು.