ನೋಡುಗನ ನಾಡಿ

ಕಾನಹೊಸಹಳ್ಳಿಯ ಸುತ್ತಿನ ಊರುಗಳಲ್ಲಿ ಬಯಲಾಟ ನಡೆಯುವಾಗ ಭಾಗವತನ ಕಣ್ಣು ಜನರ ಮೇಲಿರುತ್ತದೆ. ಜನ ತೂಕಡಿಸಿದರೆ ಮದ್ದಳೆ ಚುರುಕಾಗುತ್ತದೆ. ಮೆಚ್ಚಿದರೆ ಪದ ಮತ್ತೊಮ್ಮೆ ಬರುತ್ತದೆ. ಈ ಕೆಲಸವನ್ನು ಈಗ ಯಂತ್ರಕ್ಕೆ ಒಪ್ಪಿಸುವ ಯೋಚನೆಯುಂಟು. ಅಂತರಜಾಲದ ವಿಡಿಯೋವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಮಟ್ಟದ ಸ್ಪಷ್ಟತೆಯಲ್ಲಿ ಸಿದ್ಧಪಡಿಸಿಟ್ಟಿರುತ್ತಾರೆ. ಜಾಲದ ವೇಗ ಕುಂದಿದಾಗ ಮಸುಕಾದ ತುಣುಕು ಬರುತ್ತದೆ. ಇನ್ನು ಮುಂದೆ ನೋಡುಗನ ನಾಡಿಬಡಿತ, ಚರ್ಮದ ಬೆವರು, ಕಣ್ಣಿನ ಚಲನೆಗಳನ್ನೂ ಅಳೆದು, ಅವನ ಮನಸ್ಸು ನೆಟ್ಟಿರುವ ಕಡೆ ಸ್ಪಷ್ಟ ಚಿತ್ರವನ್ನು ಕಳುಹಿಸಬೇಕೆಂಬುದು ಆ ಯೋಚನೆ. ನಮ್ಮ ಹಳ್ಳಿಗಳಲ್ಲಿ ಪಾಠದ ವಿಡಿಯೋ ನಡುವೆ ನಿಂತುಹೋಗುವುದು ಇದರಿಂದ ತಪ್ಪುವುದಾದರೆ ಲಾಭವೇ ಸರಿ.

ಆದರೆ ನಾಡಿ ಏಕೆ ಏರಿತೆಂಬುದನ್ನು ನಾಡಿಯೇ ಹೇಳದು. ಚಿತ್ರದ ಸೊಗಸಿನಿಂದಲೋ, ಅದು ತಡೆದು ನಿಂತ ಸಿಟ್ಟಿನಿಂದಲೋ, ಆಗತಾನೆ ನೀರಿನ ಕೊಡ ಹೊತ್ತು ಬಂದುದರಿಂದಲೋ? ಯಂತ್ರ ತಪ್ಪಿದರೆ ಚಿತ್ರ ಮಸುಕಾದೀತು, ಅಷ್ಟೆ. ಅಳೆದ ನಾಡಿಯ ಲೆಕ್ಕ ಯಾರ ಕೈ ಸೇರುತ್ತದೆಂಬುದೇ ದೊಡ್ಡ ಪ್ರಶ್ನೆ. ನಮ್ಮ ನಾಡಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಭಾಗವತನು ನಮ್ಮ ಮುಖವನ್ನು ಓದುವಾಗ ಅವನ ಮುಖವೂ ನಮಗೆ ಕಾಣುತ್ತಿರುತ್ತದೆ. ಓದಿದ್ದನ್ನು ಅವನು ಯಾರಿಗೂ ಮಾರುವುದಿಲ್ಲ. ಯಂತ್ರದ ಒಡೆಯರೂ ಮೊದಲು ನಮ್ಮ ಒಪ್ಪಿಗೆ ಕೇಳಲಿ. ಒಲ್ಲೆನೆಂದವನಿಗೂ ಚಿತ್ರವನ್ನು ಕುಂದಿಲ್ಲದೆ ತೋರಿಸಲಿ.