ಕಬ್ಬಿನ ಎಕರೆ, ಕುಡಿವ ಕೊಡ

ಕುಡಿಯಲು ನೀರಿಲ್ಲದ ಊರಿನಿಂದ ಬೋರಿನ ನೀರು ತುಂಬಿಕೊಂಡು ಟ್ಯಾಂಕರ್ ಹೊರಟರೆ ಜನ ಅಡ್ಡ ನಿಲ್ಲುತ್ತಾರೆ. ಅದಕ್ಕೆ ಸಿದ್ಧಾಂತವೇನೂ ಬೇಕಿಲ್ಲ. ಅದೇ ನೀರು ಕಬ್ಬಾಗಿ ಟ್ರ್ಯಾಕ್ಟರ್ ಏರಿ ಕಾರ್ಖಾನೆಗೆ ಹೊರಟರೆ ಯಾರೂ ತಡೆಯುವುದಿಲ್ಲ. ಮೊದಲ ಲೋಡಿಗೆ ಕಾಯಿ ಒಡೆದು ಕಳಿಸುವುದೂ ಉಂಟು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಅಂತರ್ಜಲದ ವ್ಯಾಪಾರವನ್ನು ವಿರೋಧಿಸುವವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು.

ಇಲ್ಲಿನ ನೆಲದ ಗುಣವನ್ನು ಒಮ್ಮೆ ನೋಡಬೇಕು. ಎರೆಮಣ್ಣಿನ ಕೆಳಗೆ ದಖ್ಖನಿನ ಲಾವಾ ಹರಿದು ಗಟ್ಟಿಯಾದ ಕಪ್ಪು ಕಲ್ಲು, ಪದರದ ಮೇಲೆ ಪದರ. ಜೇವರ್ಗಿಯ ಕಡೆ ಇದರ ಜೊತೆ ಸುಣ್ಣದಕಲ್ಲೂ ಸಿಗುತ್ತದೆ. ಬೋರು ಕೊರೆಸುವ ದಿನ ಹೊಲದ ಬದುವಿನ ಮೇಲೆ ಕೂತವರ ಕಣ್ಣೆಲ್ಲ ಪೈಪಿನ ಬಾಯಿಂದ ಹಾರುವ ಪುಡಿಯ ಬಣ್ಣದ ಮೇಲೆಯೇ. ಬೂದು ಪುಡಿ ಬರುತ್ತಲೇ ಇದ್ದರೆ ಮುಖ ಸಪ್ಪಗಾಗುತ್ತದೆ. ಎರಡು ಲಾವಾ ಪದರಗಳ ನಡುವಿನ ಕೆಂಪು ಮಣ್ಣು ಹಾರಿದರೆ ಮತ್ತೆ ಆಸೆ. ಪುಡಿ ಹಸಿಯಾಗಿ ಕೆಸರಾಗಿ, ಕೊನೆಗೆ ನೀರು ಚಿಮ್ಮಿದರೆ ಎರಡಿಂಚೋ ಮೂರಿಂಚೋ ಎಂಬ ಲೆಕ್ಕ. ಚಿಮ್ಮದಿದ್ದರೆ ಇನ್ನೂ ನೂರು ಅಡಿ, ಅದಕ್ಕೆ ಇನ್ನಷ್ಟು ಸಾಲ. ನೀರು ನಿಂತಿರುವುದು ಕಲ್ಲಿನಲ್ಲಲ್ಲ, ಬಿರುಕುಗಳಲ್ಲಿ. ಆ ಬಿರುಕುಗಳಿಗೆ ಸರ್ವೆ ನಂಬರಿನ ಹಂಗಿಲ್ಲ. ಒಬ್ಬರ 500 ಅಡಿಯ ಬೋರಿಗೆ ಮೋಟಾರ್ ಹಾಕಿದಾಗ ಪಕ್ಕದ ಹೊಲದ ತೆರೆದ ಬಾವಿ ತಳ ಕಾಣುವುದು ಅದಕ್ಕೇ.

ಕಾನೂನು ಮಾತ್ರ ಸರ್ವೆ ನಂಬರನ್ನೇ ನಂಬಿದೆ. ಬ್ರಿಟಿಷರ ಕಾಲದ 1882ರ ಈಸ್‌ಮೆಂಟ್ಸ್ ಕಾಯ್ದೆ ಜಮೀನಿನ ಒಡೆಯನಿಗೆ ತನ್ನ ನೆಲದಡಿಯ ನೀರನ್ನು ಎತ್ತಿ ಬಳಸುವ ಹಕ್ಕು ಕೊಟ್ಟಿತು. ಬಾವಿಗೆ ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದ ಕಾಲಕ್ಕೆ ಅದರಿಂದ ಯಾರಿಗೂ ದೊಡ್ಡ ನಷ್ಟವಿರಲಿಲ್ಲ. ಎತ್ತಿನ ದಣಿವೇ ಮಿತಿಯಾಗಿತ್ತು. ಸಬ್‌ಮರ್ಸಿಬಲ್ ಪಂಪಿಗೆ ದಣಿವಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾದ್ದರಿಂದ ಬಿಲ್ಲಿನ ಭಯವೂ ಇಲ್ಲ. ಕರ್ನಾಟಕ 1999ರಲ್ಲಿ ಒಂದು ಕಾಯ್ದೆ ತಂದು, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದು ಎಂದಿತು. 2011ರ ಕಾಯ್ದೆ ಅಂತರ್ಜಲ ಪ್ರಾಧಿಕಾರವನ್ನೇ ಕಟ್ಟಿತು. ಎರಡೂ ಒಳ್ಳೆಯ ಕಾಯ್ದೆಗಳೇ. ಆದರೆ ರಾತ್ರೋರಾತ್ರಿ ಬಂದು ಬೆಳಗಾಗುವುದರೊಳಗೆ ಹೊರಟುಬಿಡುವ ಬೋರ್‌ವೆಲ್ ಲಾರಿಯನ್ನು ಬೆಂಗಳೂರಿನ ಪ್ರಾಧಿಕಾರ ಹಿಡಿಯುವುದು ಹೇಗೆ?

ಊರೇ ಎದ್ದು ನಿಂತರೆ ಏನಾದೀತು ಎಂಬುದಕ್ಕೆ ಕೇರಳದ ಪ್ಲಾಚಿಮಾಡ ಸಾಕ್ಷಿ. ಪಾಲಕ್ಕಾಡಿನ ಮಳೆ ಕಡಿಮೆ ಬೀಳುವ ಭಾಗದ ಆ ಊರಿನಲ್ಲಿ 2000ದಲ್ಲಿ ಕೋಕಾಕೋಲಾ ಘಟಕ ಶುರುವಾಯಿತು. ಬಾವಿಯ ನೀರು ಕೆಟ್ಟಿತು, ಇಳಿಯಿತು ಎಂದು 2002ರಲ್ಲಿ ಮಯಿಲಮ್ಮನಂಥ ಆದಿವಾಸಿ ಹೆಂಗಸರು ಗೇಟಿನ ಮುಂದೆ ಕೂತರು. ಪೆರುಮಾಟ್ಟಿ ಗ್ರಾಮ ಪಂಚಾಯಿತಿ ಮರುವರ್ಷ ಲೈಸೆನ್ಸ್ ನವೀಕರಿಸಲು ಒಪ್ಪಲಿಲ್ಲ. ಅಂತರ್ಜಲ ಎಲ್ಲರ ಸ್ವತ್ತು, ಸರ್ಕಾರ ಅದರ ಕಾವಲುಗಾರ ಮಾತ್ರ ಎಂದು 2003ರ ಡಿಸೆಂಬರಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. 2005ರಲ್ಲಿ ವಿಭಾಗೀಯ ಪೀಠ ಅದನ್ನು ತಿರುಗಿಸಿ, ದಿನಕ್ಕೆ 5 ಲಕ್ಷ ಲೀಟರ್ ಎತ್ತಲು ಅವಕಾಶ ಕೊಟ್ಟಿತು. ಆದರೂ 2004ರಲ್ಲಿ ಮುಚ್ಚಿದ ಘಟಕ ಮತ್ತೆ ನೆಲೆಯೂರಲಿಲ್ಲ. ಕೋರ್ಟಿನಲ್ಲಿ ಸೋತ ಊರು ಗೇಟಿನ ಮುಂದೆ ಗೆದ್ದಿತು.

ಅಲ್ಲಿ ಎದುರಾಳಿಗೆ ಬೋರ್ಡಿತ್ತು, ಗೇಟಿತ್ತು. ಭೀಮಾ ತೀರದಲ್ಲಿ ಎದುರಾಳಿ ಬೀಗರ ಮನೆಯವನು, ಪಕ್ಕದ ಹೊಲದವನು, ಕೆಲವು ಸಲ ತಾನೇ. ಲೆಕ್ಕ ಹಾಕಿ ನೋಡಿ. ಕಬ್ಬಿಗೆ ಬೆಳೆಯ ಅವಧಿಯಲ್ಲಿ ಸುಮಾರು 2000 ಮಿ.ಮೀ. ನೀರು ಬೇಕು. ಇಲ್ಲಿನ ವಾರ್ಷಿಕ ಮಳೆ 700ರಿಂದ 800 ಮಿ.ಮೀ. ಬಿದ್ದ ಮಳೆಯೆಲ್ಲ ಕಬ್ಬಿಗೇ ದಕ್ಕಿತು ಎಂದುಕೊಂಡರೂ ಎಕರೆಗೆ 50 ಲಕ್ಷ ಲೀಟರ್ ನೀರನ್ನು ಬೇರೆಲ್ಲಿಂದಲಾದರೂ ತರಬೇಕು. ತಲೆಗೆ ದಿನಕ್ಕೆ 55 ಲೀಟರ್ ಎಂಬ ಜಲಜೀವನ ಮಿಷನ್ನಿನ ಅಳತೆಯಲ್ಲಿ ಅದು 250 ಜನರ ಇಡೀ ವರ್ಷದ ನೀರು. ಇಪ್ಪತ್ತು ಎಕರೆ ಕಬ್ಬೆಂದರೆ ಐದು ಸಾವಿರ ಜನರ ಊರು.

ನದಿಯಲ್ಲಿ ನೀರಿದ್ದರೆ ಬೋರಿನ ಮೇಲಿನ ಭಾರ ತಗ್ಗೀತು. ಕೃಷ್ಣಾ ನೀರು ಹಂಚಿದ ಬಚಾವತ್ ತೀರ್ಪಿನಂತೆ ಭೀಮಾ ಕಣಿವೆಯಲ್ಲಿ ಕರ್ನಾಟಕದ ಪಾಲು 15 ಟಿಎಂಸಿ. ಸೊನ್ನದಲ್ಲಿ ಬ್ಯಾರೇಜೂ ಇದೆ. ಆದರೆ ಬೇಸಿಗೆ ಬಂತೆಂದರೆ ನದಿಯ ಮೇಲ್ಭಾಗದ ಉಜನಿ ಅಣೆಕಟ್ಟೆಯತ್ತ ನೋಡುವುದು ತಪ್ಪದು. 2024ರಲ್ಲಿ ಅಫಜಲಪುರದಲ್ಲಿ ಭೀಮೆಗೆ ನೀರು ಬಿಡಿಸಿ ಎಂದು ಉಪವಾಸ ಕೂರಬೇಕಾಯಿತು.

ಹಾಗೆಂದು ಕಬ್ಬು ಬೆಳೆದವನನ್ನು ಜರಿಯುವುದು ಅನ್ಯಾಯ. ಎಕರೆಗೆ 40 ಟನ್ ಬಂದರೆ, ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಪಡಿಸಿದ 2024–25ರ ಎಫ್‌ಆರ್‌ಪಿ ದರ ಟನ್ನಿಗೆ 3,400 ರೂಪಾಯಿಯಂತೆ 1.36 ಲಕ್ಷ. ಅದೇ ವರ್ಷದ ಬೆಂಬಲ ಬೆಲೆ 7,550ರಂತೆ ನಾಲ್ಕು ಕ್ವಿಂಟಲ್ ತೊಗರಿಗೆ ಸಿಗುವುದು 30 ಸಾವಿರ. ಖರ್ಚು ಕಳೆದರೂ ಯಾವುದು ದೊಡ್ಡದು ಎಂಬುದು ಶಾಲೆಯ ಹುಡುಗನಿಗೂ ಗೊತ್ತು. ಭೂಸನೂರಿನಲ್ಲೋ ಹವಳಗಾದಲ್ಲೋ ಕೊಳ್ಳಲು ಕಾರ್ಖಾನೆ ಇದೆ. ತೊಗರಿ ಖರೀದಿ ಕೇಂದ್ರದ ಬಾಗಿಲು ಯಾವಾಗ ತೆರೆದೀತೆಂದು ಕಾಯಬೇಕು. 2019ರಲ್ಲಿ ಕಲಬುರಗಿ ತೊಗರಿಗೆ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಿಂದ ಹೆಸರು ಬಂತು, ಹೊಟ್ಟೆ ತುಂಬಲಿಲ್ಲ. ರೈತನ ಲೆಕ್ಕದಲ್ಲಿ ತಪ್ಪಿಲ್ಲ. ಆ ಲೆಕ್ಕದಲ್ಲಿ ನೀರಿನ ಬೆಲೆ ಸೊನ್ನೆಯಾಗಿರುವುದು ತಪ್ಪು, ಆ ಸೊನ್ನೆಯನ್ನು ಬರೆದದ್ದು ಸರ್ಕಾರ.

ಈ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಎಂದು ತಿಳಿಯಲು ಆಳಂದದವರು ದೂರ ಹೋಗಬೇಕಿಲ್ಲ. ಗಡಿಯಾಚೆ ಉಮರ್ಗಾ ದಾಟಿದರೆ ಲಾತೂರು: ಇಂಥದೇ ಎರೆನೆಲ, ಅದರ ಮೇಲೆ ಕಬ್ಬು, ಸಕ್ಕರೆ ಕಾರ್ಖಾನೆ. 2016ರ ಏಪ್ರಿಲ್‌ನಲ್ಲಿ ಆ ನಗರಕ್ಕೆ ಮಿರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಹೊರಬೇಕಾಯಿತು. ಅದೇ ಮಹಾರಾಷ್ಟ್ರದ ಅಹ್ಮದ್‌ನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಜಾರ್ ಬೇರೆ ದಾರಿ ಹಿಡಿದಿತ್ತು. ಪೋಪಟರಾವ್ ಪವಾರ್ ಸರಪಂಚರಾದ ಮೇಲೆ ಊರು ಬೇಸಾಯಕ್ಕೆ ಬೋರು ಕೊರೆಸುವುದನ್ನು ನಿಲ್ಲಿಸಿತು, ಕಬ್ಬು ಬಾಳೆ ಬಿಟ್ಟಿತು, ಪ್ರತಿ ವರ್ಷ ಬಿದ್ದ ಮಳೆ ಅಳೆದು ಯಾವ ಬೆಳೆ ಎಂದು ಗ್ರಾಮಸಭೆಯಲ್ಲೇ ತೀರ್ಮಾನಿಸಿತು. ಊರು ತಾನೇ ಹಾಕಿಕೊಂಡ ಕಟ್ಟಾದ್ದರಿಂದ ಅದು ಉಳಿಯಿತು.

ವ್ಯಾಪಾರಕ್ಕೆ ನೀರೆತ್ತುವುದನ್ನು ವಿರೋಧಿಸುವುದು ಸರಿಯೇ, ಟ್ಯಾಂಕರ್ ತಡೆಯುವುದೂ ಸರಿಯೇ. ಅಲ್ಲಿಗೇ ನಿಂತರೆ ಸಾಲದು. ಒಣ ಬೆಳೆಗೆ ಒಂದೆರಡು ಸಲ ಹಾಯಿಸುವ ನೀರು ಬೇರೆ, ಮಾರಾಟಕ್ಕೆಂದು ವರ್ಷವಿಡೀ ಎತ್ತುವ ನೀರು ಬೇರೆ. ಎರಡಕ್ಕೂ ಒಂದೇ ಉಚಿತ ಕರೆಂಟು ಕೊಡುವುದನ್ನು ಸರ್ಕಾರ ಬಿಡಬೇಕು. ಉಳಿದ ಹಣವನ್ನು ತೊಗರಿ, ಜೋಳದ ಖರೀದಿಗೆ ಹಾಕಬೇಕು. ಊರಿನಲ್ಲಿ ಕಾರ್ಖಾನೆ ಕಟ್ಟಲು ಗ್ರಾಮ ಪಂಚಾಯಿತಿಯ ಅನುಮತಿ ಬೇಕೆಂದು 1993ರ ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. ದೊಡ್ಡ ಬೋರಿಗೂ ಆ ಅನುಮತಿ ಬೇಕೆಂದು ಕೇಳಬಹುದು. ಮುಂದಿನ ಗ್ರಾಮಸಭೆಗೆ ಹೋಗುವವರು ಬೀದಿದೀಪ, ಚರಂಡಿಯ ಜೊತೆಗೆ ಇದನ್ನೂ ಕೇಳಲಿ: ನಮ್ಮೂರಲ್ಲಿ ಎಷ್ಟು ಬೋರು ಓಡುತ್ತಿವೆ, ಯಾವ ಬೆಳೆಗೆ, ಯಾರಿಗೆ? ಉತ್ತರವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ.